ಹಿಟ್ಟಿನ ಕೋಳಿಯೂ ಸುಪಾರಿ ಹಂತಕನೂ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ನನ್ನ ತಮ್ಮ ಒಬ್ಬಳು ಮುದುಕಿಯನ್ನು ಕೊಂದ. ಕೋಣೆಯಿಂದ ಅವನು "ಸತ್ಲು!" ಎಂದು ಕೂಗಿದ್ದು ಅಡುಗೆಮನೆಗೆ ಕೇಳಿಸಿತು. ಹೋಳಿಗೆ ತಟ್ಟುತ್ತಿದ್ದ ಅಮ್ಮ "ಹಬ್ಬದ ದಿನ ಎಂತ ಮಾತೋ ಅದು? ಯಾರು ಸತ್ರು?" ಎಂದು ಗದರಿದರು. "ಗೇಮಲ್ಲಮ್ಮಾ" ಎಂದು ಉತ್ತರ ಬಂತು. ಅಮ್ಮನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ.

ಅವನು ಆಡುತ್ತಿದ್ದದ್ದು 'ಸ್ಕೈರಿಮ್'. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರಿನಲ್ಲಿ ಹೊರತಂದ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ಆಟಗಾರ ಒಂದು ಪಾತ್ರವನ್ನು ತಾನೇ ರೂಪಿಸಿಕೊಂಡು, ಹಿಮದ ಬೆಟ್ಟಗಳ ಒಂದು ಕಲ್ಪಿತ ನಾಡಿನಲ್ಲಿ ತನಗೆ ಬೇಕಾದಂತೆ ಬದುಕುವ ಆಟ. ಆ ನಾಡಿನ ರಿಫ್ಟನ್ ಎಂಬ ಊರಲ್ಲಿ ಒಂದು ಅನಾಥಾಲಯ. ಅದನ್ನು ನಡೆಸುವ ಮುದುಕಿಯ ಹೆಸರು 'ಕರುಣಾಳು ಗ್ರೆಲಾಡ್'. ಹೆಸರು ಬರೀ ವ್ಯಂಗ್ಯ, ಮಕ್ಕಳನ್ನು ಆಕೆ ಹಿಂಸಿಸುತ್ತಾಳೆ. ಅಲ್ಲಿಂದ ತಪ್ಪಿಸಿಕೊಂಡ ಅವೆಂಟಸ್ ಎಂಬ ಹುಡುಗ ಬೇರೊಂದು ಊರಿನ ಖಾಲಿ ಮನೆಯಲ್ಲಿ ಕೂತು, ಎಲುಬುಗಳ ಗೊಂಬೆಯ ಸುತ್ತ ಮೇಣದಬತ್ತಿ ಹಚ್ಚಿ, ಹಂತಕರ ಒಂದು ಗುಪ್ತ ಸಂಘವನ್ನು ಕರೆಯುತ್ತಿರುತ್ತಾನೆ. ನಾವು ಒಳಗೆ ಕಾಲಿಟ್ಟರೆ ನಮ್ಮನ್ನೇ ಆ ಹಂತಕರೆಂದು ತಿಳಿದು ಸುಪಾರಿ ಕೊಡುತ್ತಾನೆ. ಗ್ರೆಲಾಡ್ ಸತ್ತಾಗ ಅನಾಥಾಲಯದ ಮಕ್ಕಳು ಖುಷಿಯಿಂದ ಕೂಗುತ್ತವೆ.

"ಅಲ್ವೋ, ಕಾವಲುಗಾರರಿಗೆ ಹೇಳಿ ಹಿಡಿಸಬಹುದಿತ್ತಲ್ಲ?" ಎಂದೆ.

"ಆ ಆಯ್ಕೆ ಗೇಮಲ್ಲಿ ಇಲ್ಲ ಕಣೇ ಅಕ್ಕ."

"ಹಾಗಂತ ಕೊಂದುಬಿಡೋದಾ?"

"ಬರೀ ಪಿಕ್ಸೆಲ್ ಕಣೇ. ಯಾರು ಸತ್ರು ಈಗ?"

ನಾನು ಪಿಎಚ್.ಡಿ. ಮಾಡುತ್ತಿರುವುದು ಹಳಗನ್ನಡದ ಜೈನ ಕಥನಗಳ ಮೇಲೆ. 'ಯಾರು ಸತ್ರು ಈಗ?' ಎಂಬ ಪ್ರಶ್ನೆ ನನ್ನ ಮೇಜಿನ ಮೇಲೆ ಮೂರು ವರ್ಷದಿಂದ ಬಿದ್ದಿದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ. ರಜೆ ಮುಗಿಸಿ ಹಾಸ್ಟೆಲ್ಲಿಗೆ ಮರಳಿದ ಮೇಲೆ, ಪ್ರಬಂಧದ ಅಧ್ಯಾಯ ಬರೆಯಬೇಕಾದ ಹೊತ್ತಲ್ಲಿ ನಾನು ಓದುತ್ತ ಕೂತದ್ದು ಈ ಆಟಗಳ ಚರಿತ್ರೆಯನ್ನು. ಆಟದೊಳಗೆ ಹಂತಕನ ಪಾತ್ರ ಹೇಗೆ ಬಂತು, ಅದರ ಪಾಪಪುಣ್ಯದ ಲೆಕ್ಕವನ್ನು ಯಾರು ಯಾರು ಹೇಗೆ ಹಾಕಿದರು ಎಂಬುದಕ್ಕೆ ಹೆಚ್ಚುಕಮ್ಮಿ ಐವತ್ತು ವರ್ಷಗಳ ಇತಿಹಾಸವಿದೆ.

ಈ ಬಗೆಯ ಆಟಗಳ ಮೂಲ ಕಂಪ್ಯೂಟರಿನಲ್ಲಿಲ್ಲ, ಮೇಜಿನ ಮೇಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ದಾಳ, ಕಾಗದ, ಪೆನ್ಸಿಲ್ಲು, ನಾಲ್ಕಾರು ಗೆಳೆಯರು, ಕತೆ ನಡೆಸಲು ಒಬ್ಬ. ಇಷ್ಟೇ ಸಾಮಾನು. ಪ್ರತಿ ಪಾತ್ರಕ್ಕೂ ಒಂದು 'ಅಲೈನ್‌ಮೆಂಟ್' ಇತ್ತು, ಅಂದರೆ ಆ ಪಾತ್ರ ಯಾವ ಪಕ್ಷದ್ದು ಎಂಬ ಗುರುತು. ಮೊದಲು ಮೂರೇ ಇದ್ದವು: ನಿಯಮ, ಅರಾಜಕತೆ, ಎರಡರ ನಡುವಿನ ತಟಸ್ಥ. ಕೆಲವೇ ವರ್ಷಗಳಲ್ಲಿ ಒಳಿತು ಕೆಡುಕುಗಳೂ ಸೇರಿ ಒಂಬತ್ತು ಮನೆಗಳ ಕೋಷ್ಟಕವಾಯಿತು. ಒಬ್ಬ ಮನುಷ್ಯನ ಸ್ವಭಾವವನ್ನು ಒಂಬತ್ತರಲ್ಲಿ ಒಂದು ಮನೆಗೆ ಹಾಕುವ ಲೆಕ್ಕ.

1975ರಲ್ಲಿ ಬಂದ 'ಬ್ಲ್ಯಾಕ್‌ಮೂರ್' ಎಂಬ ಪುರವಣಿಯಲ್ಲಿ ಹಂತಕ ಒಂದು ವೃತ್ತಿಯಾಗಿ ಕಾಣಿಸಿಕೊಂಡ. 1978ರ ಆಟಗಾರರ ಕೈಪಿಡಿ ಅವನ ಬಗ್ಗೆ ಒಂದು ಕಟ್ಟುನಿಟ್ಟು ಮಾಡಿತು. ಹಂತಕನಾಗುವವನು ಕೆಡುಕಿನ ಪಕ್ಷದವನೇ ಆಗಿರಬೇಕು, ಏಕೆಂದರೆ ಲಾಭಕ್ಕಾಗಿ ಬುದ್ಧಿಯುಳ್ಳ ಜೀವಿಗಳನ್ನು ಕೊಲ್ಲುವುದು ಒಳಿತಿಗೆ ವಿರುದ್ಧವಾದದ್ದು. ಓದಲು ಸರಿಯಾಗಿಯೇ ಇದೆ. ಆದರೆ ಅದೇ ಆಟದಲ್ಲಿ ಒಳಿತಿನ ಪಕ್ಷದ ಯೋಧ ಒಂದು ಗುಹೆಗೆ ನುಗ್ಗಿ, ಅಲ್ಲಿ ವಾಸವಾಗಿರುವ ಹತ್ತಿಪ್ಪತ್ತು 'ಆರ್ಕ್'ಗಳನ್ನು ಕೊಂದು, ಅವುಗಳ ಚಿನ್ನ ಹೊತ್ತು ತಂದರೆ ಅವನ ಒಳಿತಿಗೆ ಧಕ್ಕೆಯಿಲ್ಲ. ಆರ್ಕ್‌ಗಳಿಗೂ ಬುದ್ಧಿಯಿದೆ, ಭಾಷೆಯಿದೆ. ಕೊಲ್ಲುವುದು ತಪ್ಪೋ ಸರಿಯೋ ಎನ್ನುವುದಕ್ಕಿಂತ ಯಾರನ್ನು ಕೊಲ್ಲಬಹುದು ಎಂಬುದನ್ನು ಆ ಕೋಷ್ಟಕ ಮೊದಲೇ ತೀರ್ಮಾನಿಸಿಟ್ಟಿತ್ತು.

ಹಂತಕನಿಗೆ ಇಂಗ್ಲಿಷಿನಲ್ಲಿರುವ 'ಅಸಾಸಿನ್' ಎಂಬ ಹೆಸರಿಗೂ ಇಂಥದ್ದೇ ಕತೆಯಿದೆ. 1090ರಲ್ಲಿ ಹಸನ್ ಸಬ್ಬಾಹ್ ಎಂಬಾತ ಇರಾನಿನ ಅಲಮೂತ್ ಕೋಟೆಯನ್ನು ವಶಪಡಿಸಿಕೊಂಡ. ಅವನ ನಿಝಾರಿ ಇಸ್ಮಾಯಿಲಿ ಪಂಗಡ ಸಂಖ್ಯೆಯಲ್ಲಿ ಸಣ್ಣದು, ಸುತ್ತ ದೊಡ್ಡ ಸಾಮ್ರಾಜ್ಯಗಳು. ಶತ್ರುಪಕ್ಷದ ಪ್ರಮುಖರನ್ನು ಆರಿಸಿ ಕೊಲ್ಲುವುದು ಅವರ ಯುದ್ಧತಂತ್ರಗಳಲ್ಲಿ ಒಂದಾಗಿತ್ತು. ವಿರೋಧಿಗಳು ಅವರನ್ನು ಹೀಗಳೆದು ಕರೆದ ಹೆಸರೇ ಯುರೋಪಿಗೆ ಹೋಗಿ ಹಂತಕ ಎಂಬರ್ಥದ ಪದವಾಯಿತು. ಅಮಲು ಬರಿಸಿ, ಸ್ವರ್ಗದಂಥ ತೋಟ ತೋರಿಸಿ, ಯುವಕರನ್ನು ಕೊಲೆಗೆ ಕಳಿಸುತ್ತಿದ್ದರೆಂಬ ಕತೆಯನ್ನು ಮಾರ್ಕೊ ಪೋಲೊನ ಪ್ರವಾಸ ಕಥನ ಹಬ್ಬಿಸಿತು. ಇವು ದಂತಕತೆಗಳೆಂದು ಇತಿಹಾಸಕಾರ ಫರ್ಹಾದ್ ದಫ್ತರಿ 1994ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದು ವಿವರಿಸಿದರು. 1256ರಲ್ಲಿ ಮಂಗೋಲರು ಅಲಮೂತನ್ನು ಕೆಡವಿದರು. ಕೋಟೆ ಹೋಯಿತು, ಬೈಗುಳ ಉಳಿಯಿತು. ಮತ್ತೊಬ್ಬರು ಇಟ್ಟ ಹೆಸರನ್ನು ಹೊತ್ತು ತಿರುಗುವುದು ಹಂತಕನ ಪಾತ್ರಕ್ಕೆ ಹುಟ್ಟಿನಿಂದಲೇ ಬಂದದ್ದು.

1980ರ ದಶಕದಲ್ಲಿ ಅಮೆರಿಕ ಈ ಆಟಕ್ಕೆ ಹೆದರಿತು. ವರ್ಜೀನಿಯಾದ ಪ್ಯಾಟ್ರಿಶಿಯಾ ಪುಲ್ಲಿಂಗ್ ಅವರ ಮಗ 1982ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅದಕ್ಕೆ ಅವನು ಆಡುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾರಣವೆಂದು ನಂಬಿದ ಆ ತಾಯಿ ಮರುವರ್ಷ 'ಬ್ಯಾಡ್' ಎಂಬ ಸಂಘಟನೆ ಕಟ್ಟಿದರು. ಆಟ ಮಕ್ಕಳಿಗೆ ವಾಮಾಚಾರವನ್ನೂ ಕೊಲೆಯನ್ನೂ ಕಲಿಸುತ್ತದೆ ಎಂಬುದು ಅವರ ವಾದ. 1990ರಲ್ಲಿ ಲೇಖಕ ಮೈಕಲ್ ಸ್ಟ್ಯಾಕ್‌ಪೋಲ್ ಅವರ ಆಧಾರಗಳನ್ನು ಕೆದಕಿ ನೋಡಿ ಅವು ನಿಲ್ಲುವಂಥವಲ್ಲವೆಂದು ಬರೆದರು. ಆದರೆ ಅಷ್ಟರೊಳಗೆ, 1989ರ ಎರಡನೆಯ ಆವೃತ್ತಿಯಲ್ಲಿ, ಹಂತಕನನ್ನು ವೃತ್ತಿಗಳ ಪಟ್ಟಿಯಿಂದ ತೆಗೆದುಹಾಕಲಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಯನ್ನು ಗೇಲಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವರ ವಾದವೂ, ನನ್ನ ತಮ್ಮನ 'ಬರೀ ಪಿಕ್ಸೆಲ್' ವಾದವೂ ಒಂದೇ ನಾಣ್ಯದ ಎರಡು ಮುಖ ಅನ್ನಿಸುತ್ತದೆ. ಆಟದಲ್ಲಿ ಕೊಂದವನು ಹೊರಗೂ ಕೊಲ್ಲುತ್ತಾನೆ ಎಂದು ಒಬ್ಬರು, ಹೊರಗೆ ಯಾರೂ ಸಾಯಲಿಲ್ಲವಾದ್ದರಿಂದ ಏನೂ ಆಗಲಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ನೋಡುತ್ತಿರುವುದು ಹೊರಗೆ ಬಿದ್ದ ಹೆಣವನ್ನೇ.

2000ದ ಮೂರನೆಯ ಆವೃತ್ತಿಯಲ್ಲಿ ಹಂತಕ ಮರಳಿ ಬಂದ. ಈ ಬಾರಿ ಸೇರ್ಪಡೆಗೆ ಹೊಸದೊಂದು ಷರತ್ತಿತ್ತು: ಹಂತಕರ ಗುಂಪಿಗೆ ಸೇರುವುದನ್ನು ಬಿಟ್ಟು ಬೇರಾವ ಕಾರಣವೂ ಇಲ್ಲದೆ ಯಾರನ್ನಾದರೂ ಕೊಂದಿರಬೇಕು. ದ್ವೇಷವಿರಕೂಡದು, ಹಣವೂ ಕಾರಣವಾಗಕೂಡದು. ಈ ಷರತ್ತು ಬರೆದವರಿಗೆ ಒಂದು ಸತ್ಯ ಗೊತ್ತಿತ್ತು ಅನ್ನಿಸುತ್ತದೆ. ಹಂತಕನನ್ನು ಹಂತಕನನ್ನಾಗಿಸುವುದು ಕೊಂದವರ ಸಂಖ್ಯೆಯಲ್ಲ, ಕೊಲ್ಲುವಾಗ ಒಳಗಿದ್ದ ಉದ್ದೇಶ.

ಕಂಪ್ಯೂಟರ್ ಆಟಗಳಲ್ಲಿ ಈ ಒಳಗಿನ ಲೆಕ್ಕಕ್ಕೆ ಕೈಹಾಕಿದವರಲ್ಲಿ ಮೊದಲಿಗರು ಟೆಕ್ಸಸ್‌ನ ರಿಚರ್ಡ್ ಗ್ಯಾರಿಯಟ್. ಅವರ 'ಅಲ್ಟಿಮಾ' ಸರಣಿಯ ಮೊದಲ ಆಟಗಳಲ್ಲಿ ಆಟಗಾರ ಅಂಗಡಿಯಲ್ಲಿ ಕದಿಯಬಹುದಿತ್ತು, ಊರವರನ್ನು ಕೊಲ್ಲಬಹುದಿತ್ತು, ಕೊನೆಗೆ ದುಷ್ಟನನ್ನು ಕೊಂದು ವೀರ ಅನ್ನಿಸಿಕೊಳ್ಳಬಹುದಿತ್ತು. ಜನ ಬರೆದ ಪತ್ರಗಳನ್ನು ಓದಿ ಗ್ಯಾರಿಯಟ್‌ಗೆ ಇದು ಚುಚ್ಚಿತು. 1985ರ 'ಅಲ್ಟಿಮಾ 4'ರಲ್ಲಿ ಕೊಲ್ಲಬೇಕಾದ ದುಷ್ಟನೇ ಇಲ್ಲ. ಎಂಟು ಸದ್ಗುಣಗಳನ್ನು ಸಾಧಿಸಿ 'ಅವತಾರ' ಆಗುವುದೇ ಗುರಿ. ಹೌದು, ನಮ್ಮ ಸಂಸ್ಕೃತದ ಅದೇ ಪದ. ಆ ಆಟದಲ್ಲಿ ಕುರುಡು ವ್ಯಾಪಾರಿಯೊಬ್ಬರಿಂದ ಮದ್ದಿನ ಸಾಮಗ್ರಿ ಕೊಳ್ಳಬೇಕು, ಎಷ್ಟು ದುಡ್ಡು ಇಟ್ಟೆ ಎಂಬುದನ್ನು ಕೊಳ್ಳುವವನೇ ಹೇಳಬೇಕು. ಕಡಿಮೆ ಇಟ್ಟರೆ ವ್ಯಾಪಾರಿ ಗೊಣಗುವುದಿಲ್ಲ. ಆದರೆ ನಿಮ್ಮ ಪ್ರಾಮಾಣಿಕತೆಯ ಲೆಕ್ಕ ಒಳಗೊಳಗೇ ಇಳಿಯುತ್ತದೆ.

1988ರ 'ಅಲ್ಟಿಮಾ 5'ರಲ್ಲಿ ಗ್ಯಾರಿಯಟ್ ಒಂದು ಕೋಣೆ ಮಾಡಿದರು. ಪಂಜರಗಳಲ್ಲಿ ಮಕ್ಕಳು, ಪಂಜರ ತೆರೆದರೆ ಆ ಮಕ್ಕಳೇ ನಿಮ್ಮ ಮೇಲೆರಗುತ್ತವೆ. ಅವರು ಮಕ್ಕಳ ರೂಪದ ರಾಕ್ಷಸರು. ಆಟವನ್ನು ಪರೀಕ್ಷಿಸುತ್ತಿದ್ದ ಕೆಲಸಗಾರರೊಬ್ಬರು ಇದನ್ನು ಕಂಡು ಹೌಹಾರಿದರು, ಮಕ್ಕಳನ್ನು ಕೊಲ್ಲಿಸುವ ಆಟ ಎಂದು ಆಕ್ಷೇಪಿಸಿದರು. ಗ್ಯಾರಿಯಟ್‌ರ ಮನೆಯವರೂ ಆ ಕೋಣೆಯನ್ನು ತೆಗೆದುಬಿಡು ಎಂದರು. ಅವರು ತೆಗೆಯಲಿಲ್ಲ. ಕೊಲ್ಲಲೇಬೇಕೆಂದು ನಾನು ಎಲ್ಲೂ ಹೇಳಿಲ್ಲ, ಮಕ್ಕಳನ್ನು ಮಂತ್ರದಿಂದ ಮಲಗಿಸಬಹುದು, ಬಿಟ್ಟು ಹೊರನಡೆಯಬಹುದು, ಇಷ್ಟು ಕಳವಳ ಹುಟ್ಟಿತಲ್ಲ, ಅದೇ ಆ ಕೋಣೆಯ ಕೆಲಸ ಎಂಬುದು ಅವರ ನಿಲುವು.

ಮುಂದಿನ ಆಟಗಳು ಈ ಕಳವಳವನ್ನು ಬೇರೆ ರೀತಿ ಪರಿಹರಿಸಿಕೊಂಡವು. 1997ರ 'ಫಾಲ್‌ಔಟ್'ನಲ್ಲಿ ಮಕ್ಕಳನ್ನು ಕೊಂದವನಿಗೆ 'ಶಿಶುಹಂತಕ' ಎಂಬ ಕಳಂಕ ಅಂಟುತ್ತಿತ್ತು. ಯುರೋಪಿನ ಆವೃತ್ತಿಗಳಲ್ಲಿ ಮಕ್ಕಳನ್ನೇ ಕಾಣದಂತೆ ಮಾಡಲಾಯಿತು. ಸ್ಕೈರಿಮ್‌ನಲ್ಲಿ ಮಕ್ಕಳಿದ್ದಾರೆ, ಆದರೆ ಕತ್ತಿ ಬೀಸಿದರೂ ಸಾಯುವುದಿಲ್ಲ. ಅನಾಥಾಲಯದ ಮುದುಕಿ ಸಾಯಬಹುದು, ಪಕ್ಕದಲ್ಲೇ ನಿಂತ ಹುಡುಗ ಸಾಯಲಾರ. ಇಬ್ಬರೂ ಪಿಕ್ಸೆಲ್‌ಗಳೇ. 'ಯಾರಿಗೂ ನೋವಾಗಿಲ್ಲ' ಎಂಬುದೇ ಪೂರ್ತಿ ಉತ್ತರವಾಗಿದ್ದರೆ ಈ ವ್ಯತ್ಯಾಸ ಬೇಕಿರಲಿಲ್ಲ. 2009ರಲ್ಲಿ ಮಾರ್ಗನ್ ಲಕ್ ಎಂಬ ತತ್ತ್ವಶಾಸ್ತ್ರಜ್ಞರು ಇದೇ ತೊಡಕನ್ನು ಎತ್ತಿ ತೋರಿಸಿದರು: ಆಟದೊಳಗಿನ ಕೊಲೆಯನ್ನು ಒಪ್ಪುವ ನಾವು, ಆಟದೊಳಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಒಪ್ಪುವುದಿಲ್ಲ. ಎರಡರಲ್ಲೂ ನಿಜವಾದ ಬಲಿಪಶು ಇಲ್ಲ. ಹಾಗಾದರೆ ನಮ್ಮ ಅಸಹ್ಯ ಎಲ್ಲಿಂದ ಬಂತು?

ನ್ಯಾಯಾಲಯಕ್ಕೆ ಈ ಪ್ರಶ್ನೆ ಬೇಕಿರಲಿಲ್ಲ. 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಏಳಕ್ಕೆ ಎರಡು ಮತಗಳಿಂದ ಅನೂರ್ಜಿತಗೊಳಿಸಿತು. ಪುಸ್ತಕಗಳಿಗೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯ ಆಟಗಳಿಗೂ ಇದೆ ಎಂದಿತು. ಮಕ್ಕಳಿಗೆ ನಾವೇ ಕೊಡುವ ಗ್ರಿಮ್ ಸಹೋದರರ ಕತೆಗಳಲ್ಲಿ ರಕ್ತಕ್ಕೇನು ಕೊರತೆಯೆಂದು ನ್ಯಾಯಮೂರ್ತಿ ಸ್ಕಾಲಿಯಾ ನೆನಪಿಸಿದರು. ಕಾನೂನಿನ ಚರ್ಚೆ ಅಲ್ಲಿಗೆ ಮುಗಿಯಿತು. ನೀತಿಯ ಚರ್ಚೆ ಮುಗಿಯಲಿಲ್ಲ.

ಸ್ಕೈರಿಮ್‌ನ ಹಂತಕರ ಸಂಘದ ಹೆಸರು 'ಡಾರ್ಕ್ ಬ್ರದರ್‌ಹುಡ್'. ಅದೇ ಸರಣಿಯ ಹಿಂದಿನ ಆಟಗಳಲ್ಲೂ ಇತ್ತು. 2006ರ 'ಒಬ್ಲಿವಿಯನ್'ನಲ್ಲಿ ನೀವೊಬ್ಬ ನಿರಪರಾಧಿಯನ್ನು ಕೊಂದು ಮಲಗಿದರೆ ಲೂಸಿಯನ್ ಲಶಾನ್ಸ್ ಎಂಬ ಕರಿ ನಿಲುವಂಗಿಯವನು ತಲೆದೆಸೆಯಲ್ಲಿ ಬಂದು ನಿಲ್ಲುತ್ತಾನೆ. ದನಿ ಮೃದು, ಮಾತು ಆತ್ಮೀಯ. ಸಂಘ ಸೇರಿದ ಮೇಲೆ ಅಲ್ಲಿರುವವರು ನಿಮ್ಮನ್ನು ಮನೆಮಗುವಿನಂತೆ ಕಾಣುತ್ತಾರೆ. ಒಂದು ದಿನ ಅದೇ ಲೂಸಿಯನ್ ಹೇಳುತ್ತಾನೆ, ಆ ಮನೆಯವರನ್ನೆಲ್ಲ ಮುಗಿಸು ಎಂದು. ಸಂಘದೊಳಗೆ ದ್ರೋಹಿಯಿದ್ದಾನೆ, ಯಾರೆಂದು ಗೊತ್ತಿಲ್ಲ, ಆದ್ದರಿಂದ ಎಲ್ಲರೂ ಸಾಯಲಿ. ಅಪರಿಚಿತರನ್ನು ಕೊಲ್ಲುವಾಗ ಏನೂ ಅನ್ನಿಸದಿದ್ದ ಆಟಗಾರನಿಗೆ ಇಲ್ಲಿ ಕೈ ಅಳುಕುತ್ತದೆ. ಅವರ ಹೆಸರು ಗೊತ್ತಿದೆ, ಅವರ ಮಾತು ಕೇಳಿದ್ದಾನೆ. ಆದರೂ ಕತೆ ಮುಂದೆ ಹೋಗಬೇಕಾದರೆ ಕೊಲ್ಲಬೇಕು.

ದೀಪಾವಳಿಯ ಮರುದಿನ ತಮ್ಮ ಮೌಸನ್ನು ನನ್ನ ಕೈಗೆ ಕೊಟ್ಟ. "ಇಷ್ಟೆಲ್ಲ ಮಾತಾಡ್ತೀಯಲ್ಲ, ನೀನೇ ಆಡು." ಗ್ರೆಲಾಡ್ ಸತ್ತ ಮೇಲೆ ಒಬ್ಬ ಓಲೆಕಾರ ಬಂದು ಒಂದು ಚೀಟಿ ಕೊಡುತ್ತಾನೆ. ಕಪ್ಪು ಹಸ್ತದ ಗುರುತು, ಕೆಳಗೆ 'ನಮಗೆ ಗೊತ್ತು' ಎಂಬ ಎರಡೇ ಮಾತು. ಮುಂದೆ ಎಂದಾದರೂ ಮಲಗಿದರೆ ಎಚ್ಚರವಾಗುವುದು ಕಾಡಿನ ಒಂದು ಹಾಳು ಗುಡಿಸಲಿನಲ್ಲಿ. ಎತ್ತರದಲ್ಲಿ ಕೂತ ಆಸ್ಟ್ರಿಡ್ ಎಂಬ ಹೆಂಗಸು ಶಾಂತವಾಗಿ ಹೇಳುತ್ತಾಳೆ: ಗ್ರೆಲಾಡ್ ನಮ್ಮ ಸುಪಾರಿ, ನೀನು ಕದ್ದೆ, ಆ ಸಾಲ ತೀರಿಸು. ಎದುರಿಗೆ ಮೂವರು ಮಂಡಿಯೂರಿ ಕೂತಿದ್ದಾರೆ. ಕೈ ಕಟ್ಟಿದೆ, ಮುಖಕ್ಕೆ ಮುಸುಕು. ಇವರಲ್ಲಿ ಒಬ್ಬರ ಮೇಲೆ ಸುಪಾರಿಯಿದೆ, ಯಾರೆಂದು ನೀನೇ ಕಂಡುಹಿಡಿದು ಕೊಲ್ಲು. ಬಾಗಿಲಿಗೆ ಬೀಗ.

ನಾನು ಸಂಶೋಧಕಿ. ಮೂವರನ್ನೂ ಮಾತಾಡಿಸಿದೆ, ಹೇಳಿಕೆಗಳನ್ನು ತೂಗಿದೆ. ಒಬ್ಬ ಕೂಲಿಗೆ ಕಾದಾಡಿದ ಸೈನಿಕ, ಹೆದರಿ ನಡುಗುತ್ತಿದ್ದ. ಒಬ್ಬಳು ಬಾಯಿಬಡುಕಿ, ಮಕ್ಕಳೊಂದಿಗಳು. ಮೂರನೆಯವನು ಬೆಕ್ಕಿನ ಮುಖದ ಖಜೀಟ್ ಕುಲದವನು, ತನ್ನ ದುಷ್ಕೃತ್ಯಗಳನ್ನು ತಾನೇ ಕೊಚ್ಚಿಕೊಳ್ಳುತ್ತಿದ್ದ. ಇಪ್ಪತ್ತು ನಿಮಿಷ ಯೋಚಿಸಿ ಅವನನ್ನು ಕೊಂದೆ. ನ್ಯಾಯವಾಗಿ ತೀರ್ಪು ಕೊಟ್ಟೆನೆಂಬ ಸಮಾಧಾನವೂ ಒಂದು ಕ್ಷಣ ಆಯಿತು. ಸರಿಯಾಗಿ ಆರಿಸಿದೆನೇ ಎಂದು ಆಸ್ಟ್ರಿಡ್‌ಳನ್ನು ಕೇಳಿದರೆ, ಅದು ಮುಖ್ಯವೇ ಅಲ್ಲ ಎಂಬರ್ಥದ ಉತ್ತರ ಬಂತು. ಯಾರನ್ನು ಆರಿಸಿದರೂ ಅದೇ ಉತ್ತರವಂತೆ. ಅಪರಾಧಿಯನ್ನು ಗುರುತಿಸುವ ಪರೀಕ್ಷೆ ಅದಾಗಿರಲಿಲ್ಲ. ಹೇಳಿದ ಕೂಡಲೇ ಕೊಲ್ಲುತ್ತೇನೋ ಇಲ್ಲವೋ ಎಂಬ ಪರೀಕ್ಷೆ. ನಾನು ಪಾಸಾಗಿದ್ದೆ.

ತಮ್ಮ ನಕ್ಕ. "ಆಸ್ಟ್ರಿಡ್‌ನೇ ಕೊಲ್ಲಬಹುದಿತ್ತು ಕಣೇ."

ನಿಜ. ಕತ್ತಿಯನ್ನು ಅವಳತ್ತಲೇ ತಿರುಗಿಸಬಹುದು. ಆಗ ಸಂಘವನ್ನು ನಾಶ ಮಾಡುವ ಬೇರೆ ಕೆಲಸ ಸಿಗುತ್ತದೆ, ಚಕ್ರವರ್ತಿಯ ದಳಪತಿ 3,000 ಚಿನ್ನದ ನಾಣ್ಯ ಕೊಡುತ್ತಾನೆ. ಸಂಘ ಸೇರಿದರೆ ಮದುವೆಯ ದಿನವೇ ವಧುವನ್ನು ಕೊಲ್ಲುವುದರಿಂದ ಹಿಡಿದು ಚಕ್ರವರ್ತಿಯ ಹತ್ಯೆಯವರೆಗೆ ಉದ್ದನೆಯ ಕತೆ, ಕೊನೆಗೆ 20,000 ನಾಣ್ಯ. ಆಟ ಎರಡೂ ದಾರಿ ತೆರೆದಿಟ್ಟಿದೆ, ಕೂಲಿಯನ್ನು ಮಾತ್ರ ಸಮನಾಗಿ ಇಟ್ಟಿಲ್ಲ. 'ಒಲ್ಲೆ' ಎನ್ನಲು ಕೊಟ್ಟಿರುವ ಆ ಒಂದು ದಾರಿಯೂ ಇನ್ನಷ್ಟು ಜನರನ್ನು ಕೊಂದೇ ಮುಗಿಯಬೇಕು. ಆದರೆ ನನ್ನನ್ನು ಕಾಡಿದ್ದು ಅದಲ್ಲ. ಆ ಇಪ್ಪತ್ತು ನಿಮಿಷದಲ್ಲಿ 'ಒಲ್ಲೆ' ಎಂಬುದು ನನಗೆ ಹೊಳೆಯಲೇ ಇಲ್ಲವಲ್ಲ ಎಂಬುದು.

ಈಗ ನನ್ನ ಮೇಜಿನ ಮೇಲಿನ ಕತೆಗೆ ಬರುತ್ತೇನೆ. ಹೊಯ್ಸಳರ ಕಾಲದ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಅವನಿಗಿಂತ ಮೊದಲೇ ಸೋಮದೇವ ಸಂಸ್ಕೃತದಲ್ಲಿ, ಪುಷ್ಪದಂತ ಅಪಭ್ರಂಶದಲ್ಲಿ, ವಾದಿರಾಜ ಮತ್ತೆ ಸಂಸ್ಕೃತದಲ್ಲಿ ಇದೇ ಕತೆ ಹೇಳಿದ್ದರು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ಮಾಡಿದರು. ಕತೆ ಬಹಳ ಜನರಿಗೆ ಗೊತ್ತಿದೆ. ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡ ಯಶೋಧರ, ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ದೋಷ ಕಳೆಯಲು ಬಲಿ ಕೊಡು ಎನ್ನುತ್ತಾಳೆ ಚಂದ್ರಮತಿ. ಅವನು ಜೀವಹಿಂಸೆಗೆ ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿ ಮಾಡಿ ಕೊಡು ಎಂಬ ರಾಜಿಗೆ ಒಪ್ಪುತ್ತಾನೆ. ಕತ್ತಿ ಬೀಳುತ್ತದೆ, ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗುತ್ತ, ಕೋಳಿಗಳೂ ಆಗಿ ಸಾಯುತ್ತಾರೆ. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಸತ್ತದ್ದು ಬರೀ ಹಿಟ್ಟು, ಆದರೆ ಕೊಲ್ಲುವ ಮನಸ್ಸು ನಿಜ.

ಇದನ್ನು ತಮ್ಮನಿಗೆ ಹೇಳಿದಾಗ ಅವನು ಕೊಟ್ಟ ಉತ್ತರ ನನ್ನ ಅಧ್ಯಾಯಕ್ಕೆ ಬೇಕಾಗುವಂಥದ್ದು. "ಅಕ್ಕ, ರಾಜ ಆ ಕೋಳೀನ ದೇವಿಗೆ ಕೋಳಿ ಅಂತಲೇ ಕೊಟ್ಟ. ಲೆಕ್ಕಕ್ಕೆ ಬರಲಿ ಅಂತ ಕಡಿದ, ಲೆಕ್ಕಕ್ಕೆ ಬಂತು. ನಾನು ಆಟ ಅಂತ ಗೊತ್ತಿದ್ದೇ ಆಡ್ತಿದ್ದೀನಿ. ಲೆಕ್ಕಕ್ಕೆ ಬರದೇ ಇರಲಿ ಅಂತಲೇ ಆಡೋದು."

ಅವನು ಹೇಳಿದ್ದು ಸರಿ. ಆಟಗಾರನ ಮೇಲೆ ಯಶೋಧರನ ಪಾಪ ಹೊರಿಸಲಾಗದು. ಆದರೆ ಈ ಮಾತು ಕೇಳಿದ ಮೇಲೆ ನನಗೆ ಜನ್ನನ ಕತೆಯ ಬೇರೊಂದು ಗಂಟು ಕಂಡಿತು. ಯಶೋಧರನ ದೋಷ ಹಿಟ್ಟನ್ನು ಕಡಿದ ಗಳಿಗೆಯಲ್ಲಿ ಹುಟ್ಟಿದ್ದೇ? ಅದಕ್ಕೂ ಮುಂಚೆ, ತಾಯಿ ಒಡ್ಡಿದ ಎರಡು ಆಯ್ಕೆಗಳ ನಡುವೆ ಕಡಿಮೆ ಪಾಪದ್ದನ್ನು ಆರಿಸಿಕೊಂಡೆನೆಂದು ಸಮಾಧಾನಪಟ್ಟನಲ್ಲ, ಅಲ್ಲಿ. ನಿಜವಾದ ಕೋಳಿಯೋ ಹಿಟ್ಟಿನ ಕೋಳಿಯೋ ಎಂದು ಆತ ತೂಗಿದ. ಬಲಿಯೇ ಬೇಡ ಎಂಬ ಮಾತಿಗೆ ಕೊನೆಯವರೆಗೆ ಅಂಟಿಕೊಳ್ಳಲಿಲ್ಲ. ಗುಡಿಸಲಿನಲ್ಲಿ ನಾನೂ ಅದನ್ನೇ ಮಾಡಿದ್ದೆ. ಮೂವರಲ್ಲಿ ಯಾರು ಎಂದು ಅಷ್ಟು ಶ್ರದ್ಧೆಯಿಂದ ತೂಗುತ್ತ, ತೂಗು ಎಂದವಳನ್ನು ನೋಡುವುದನ್ನೇ ಮರೆತಿದ್ದೆ.

ಐವತ್ತು ವರ್ಷಗಳ ಚರ್ಚೆ ಬಹುಪಾಲು ಕೊಂದದ್ದರ ಸುತ್ತ ತಿರುಗಿದೆ. ಕೊಲ್ಲು ಎಂದವರ ಮಾತಿಗೆ ಕೈ ಎಷ್ಟು ಬೇಗ ಎದ್ದಿತು ಎಂಬುದರ ಸುತ್ತ ತಿರುಗಿದ್ದು ಕಡಿಮೆ. ಹಂತಕನ ಪಾತ್ರದ ನಿಜವಾದ ಆಕರ್ಷಣೆ ರಕ್ತವಲ್ಲ ಅನ್ನಿಸುತ್ತದೆ ನನಗೆ. ಅದು ಹೊಣೆಯಿಲ್ಲದಿರುವಿಕೆ. ಹೆಸರನ್ನು ಯಾರೋ ಕೊಟ್ಟಿದ್ದಾರೆ, ಕಾರಣ ಯಾರದ್ದೋ, ನನ್ನದು ಬರೀ ಕೈ. ಆಟದ ಹೊರಗೂ ಕಚೇರಿಗಳಲ್ಲಿ, ಸಮಿತಿಗಳಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿಲ್ಲ ನಾವು? ಹೀಗೆ ನೋಡಿದರೆ ಆ ಗುಡಿಸಲು ನನಗೆ ಕೊಲೆ ಕಲಿಸಲಿಲ್ಲ. ನನ್ನ ವಿಧೇಯತೆಯನ್ನು ನನಗೇ ತೋರಿಸಿತು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಗ್ರೆಲಾಡ್ ಸಾಯುವುದಕ್ಕೆ ಮುಂಚಿನ ಹಳೆಯ ಸೇವ್ ಒಂದಿತ್ತಂತೆ, ಅಲ್ಲಿಂದ ಮತ್ತೆ ಶುರು ಮಾಡಿದ್ದಾನೆ. ಈ ಸಲ ಅವೆಂಟಸ್‌ನ ಮನೆಯ ಬಾಗಿಲು ತೆರೆಯದೆ ಮುಂದೆ ಹೋದನಂತೆ. "ನೀನು ಹೇಳಿದ ಹಾಗೆ ಒಲ್ಲೆ ಅಂದೆ, ಸರೀನಾ?" ಎಂದ. ಒಳ್ಳೆಯದಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಆದ್ರೆ ಅಕ್ಕ, ಆ ಮಕ್ಕಳು ಇನ್ನೂ ಅವಳ ಹತ್ರಾನೇ ಇದಾವಲ್ಲ?"